ಮುಂದಿನ ಚಕ್ರದ ಮುದ್ರೆ

"ಆ ಟೈರು ಒಲೆಗೆ ಬಿತ್ತು ಅಂದ್ರೆ ಅದ್ರ ಹಿಂದೇನೆ ನೀನೂ ಬೀಳ್ತೀಯ, ಜವರಯ್ಯ!"

ಶಿವು ಬೈಕನ್ನು ನಿಲ್ಲಿಸಲಿಲ್ಲ, ಕೆಡವಿದ. ಅದರ ಚಕ್ರ ಇನ್ನೂ ತಿರುಗುತ್ತಿರುವಾಗಲೇ ಓಡಿಬಂದು ಆಲೆಮನೆಯ ಒಲೆ ಬಾಯಿಗೂ ಜವರಯ್ಯನಿಗೂ ನಡುವೆ ನಿಂತ.

ಜವರಯ್ಯ ಕಬ್ಬಿಣದ ಕೊಕ್ಕೆಗೆ ಲಾರಿ ಟೈರೊಂದನ್ನು ಸಿಕ್ಕಿಸಿಕೊಂಡು ಎಳೆಯುತ್ತಿದ್ದ. ಹಾಗೇ ನಿಂತು ಕಣ್ಣು ಕಿರಿದು ಮಾಡಿದ.

"ಯಾವನ್ಲಾ ಅವ್ನು? ಓ, ನಾಗಮಂಗಲದ ಆಚಾರಿ ಶಿವು. ಮಟಮಟ ಮಧ್ಯಾಹ್ನ ದೆವ್ವ ಮೆಟ್ಕತೇನ್ಲಾ ನಿಂಗೆ?"

"ಕೊಕ್ಕೆ ಇಳ್ಸು."

"ಕಬ್ಬಿನ ಹಾಲು ಪಾಕಕ್ಕೆ ಬಂದದೆ ಕಣಪ್ಪ. ಈಗ ಉರಿ ಕಮ್ಮಿ ಆದ್ರೆ ಬೆಲ್ಲ ಆಗಾಕಿಲ್ಲ, ಅಂಟು ಆಯ್ತದೆ. ಅದನ್ನ ನೀನು ನೆಕ್ಕೀಯಾ?"

"ಇಳ್ಸು ಅಂದೆ!"

ಪಾಂಡವಪುರದ ಆಚೆ, ನಾಲೆ ಏರಿ ಪಕ್ಕದ ಆಲೆಮನೆ ಅದು. ಕಬ್ಬಿನ ಸಿಪ್ಪೆ ಒದ್ದೆಯಾದಾಗ ಹಳೇ ಟೈರು ಉರಿಸುವುದು ಅಲ್ಲೇನೂ ಗುಟ್ಟಲ್ಲ. ಮುಚ್ಚಿಟ್ಟರೂ ಕರೀ ಹೊಗೆಯೇ ಮೇಲೆ ಹೋಗಿ ಡಂಗುರ ಸಾರುತ್ತದೆ. ಕೆ.ಆರ್. ಪೇಟೆಯ ಗುಜರಿಯವನು ನೆನ್ನೆ ಬಾಯಿಬಿಟ್ಟಿದ್ದ: ಲಾರಿ ಮಾಲೀಕ ಲೋಕೇಶನ ಶೆಡ್ಡಿನಿಂದ ಬಂದ ಟೈರುಗಳೆಲ್ಲ ಜವರಯ್ಯನ ಒಲೆಗೆ ಹೋದವು ಎಂದು.

ಜವರಯ್ಯ ಟೈರನ್ನು ನೆಲಕ್ಕೆ ಬಿಟ್ಟ. ಬಾಯಲ್ಲಿದ್ದ ಎಲೆಅಡಿಕೆ ಉಗಿದ. "ಸರಿ, ನೋಡ್ಕೊ. ಹೆಣ ನೋಡ್ದಂಗೆ ನೋಡ್ತಾವ್ನೆ."

ಶಿವು ಹೆಣ ನೋಡಿದಂತೆಯೇ ನೋಡುತ್ತಿದ್ದ. ಬೈಕಿಗೆ ಕಟ್ಟಿದ್ದ ಗೊಬ್ಬರದ ಚೀಲ ಬಿಚ್ಚಿ, ಒಳಗಿಂದ ಕರೀ ರಬ್ಬರಿನ ಉದ್ದ ಪಟ್ಟಿಯೊಂದನ್ನು ಎಳೆದ. ಲೋಕೇಶನ ಲಾರಿಗೆ ಡ್ರೈವರಾಗಿದ್ದ ಅಣ್ಣ ವೆಂಕಟೇಶ ಸಿಮೆಂಟು ತುಂಬಿದ ಟ್ರೇಲರ್ ಲಾರಿ ಸಮೇತ ಮಗುಚಿ ಸತ್ತ ದಿನ, ಕೆ.ಆರ್. ಪೇಟೆ ರಸ್ತೆಯ ಮೇಲೆ ಹೆಕ್ಕಿದ ಪಟ್ಟಿ. ಡ್ರೈವರು ತೂಕಡಿಸಿದ ಎಂದು ಕೇಸು ಮುಗಿಸಿದರು. ಶಿವು ಮುಗಿಸಲಿಲ್ಲ. ಅಣ್ಣನ ಅಸ್ಥಿ ತುಂಬಿದ ಮಡಿಕೆಯನ್ನು ಕುಲುಮೆ ಹಿಂದಿನ ಬೇವಿನ ಮರಕ್ಕೆ ನೇತುಹಾಕಿ, ಕೊಂದವರ ಕೈಯಲ್ಲೇ ಇದನ್ನು ಕಾವೇರಿಗೆ ಬಿಡಿಸುತ್ತೇನೆ, ಆಮೇಲೆ ಅವರನ್ನೂ ಬಿಡುವುದಿಲ್ಲ ಎಂದು ಆಣೆ ಹಾಕಿದ್ದ.

ಪಟ್ಟಿಯನ್ನು ಟೈರಿನ ಬೆನ್ನ ಮೇಲೆ ಹಾಸಿದ. ಎಳೆದ. ಸರಿಸಿದ. ಹರಿದ ಅಂಚು ಹರಿದ ಅಂಚಿಗೆ ಕೂತಿತು, ಒಡೆದ ಓಡಿಗೆ ಓಡು ಕೂತ ಹಾಗೆ.

"ರೀಸೋಲು," ಎಂದ ಶಿವು. ಹಲ್ಲು ಕಡಿದ ಸದ್ದು ಮಾತಿಗಿಂತ ಜೋರಾಗಿ ಕೇಳಿಸಿತು.

ಪಟ್ಟಿಯ ಒಳಮೈ ನುಣ್ಣಗಿತ್ತು. ಕಂಪನಿಯಿಂದ ಬಂದ ಟೈರು ಸಿಡಿದರೆ ತಂತಿ, ನಾರು ಎಲ್ಲ ಕಿತ್ತುಕೊಂಡು ಸಿಡಿಯುತ್ತದೆ. ಇದು ಹೆಂಚಿನಿಂದ ರೊಟ್ಟಿ ಎದ್ದ ಹಾಗೆ ಎದ್ದಿತ್ತು. ಅಂದರೆ ಸವೆದ ಟೈರನ್ನು ಅರೆದು, ಮೇಲೆ ಹೊಸ ರಬ್ಬರು ಅಂಟಿಸಿದ್ದು. ಮೇಲ್ಮೈಯ ಬಟನ್ನುಗಳು, ರಸ್ತೆಯನ್ನು ಕಚ್ಚುವ ಗೀರುಗಳು, ಇನ್ನೂ ಆಳವಾಗೇ ಇದ್ದವು. ಸವೆದು ಸಾಯಬೇಕಾದ ಟೈರು ಸುಲಿದು ಸತ್ತಿತ್ತು.

"ರೀಸೋಲು ಆದ್ರೆ ಏನೀಗ?" ಎಂದ ಜವರಯ್ಯ. "ನನ್ನ ಟ್ರಾಕ್ಟರು ಟ್ರೇಲರ್‌ಗೂ ಅದೇ ಹಾಕಿರೋದು."

"ಹಿಂದಕ್ಕೆ ಹಾಕ್ಕೊ. ಹಿಂದೆ ಜೋಡಿ ಚಕ್ರ ಇರ್ತದೆ, ಒಂದು ಓದ್ರೆ ಇನ್ನೊಂದು ಒರ್ತದೆ. ಇದು ಮುಂದೆ ಇತ್ತು. ಎಡಗಡೆ. ಸ್ಟೇರಿಂಗ್ ಇಡಿಯೋ ಚಕ್ರ. ಅದು ಓದ್ರೆ ಬ್ರಮ್ಮ ಬಂದ್ರೂ ಲಾರಿ ನಿಲ್ಲಾಕಿಲ್ಲ."

ಜವರಯ್ಯನ ಮುಖದ ನಗೆ ಇಳಿಯಿತು. ಕುಕ್ಕರುಗಾಲಲ್ಲಿ ಕೂತು ಟೈರಿನ ಪಕ್ಕೆ ಸವರಿದ. "ಪಕ್ಕೆಯೆಲ್ಲ ಸೀಳು ಬಿಟ್ಟದೆ. ಎಷ್ಟು ಸಲ ರೀಸೋಲ್ ಮಾಡವ್ರೋ! ಟೈರ್ಗೂ ಮನ್ಸನ್ಗೂ ಒಂದೇ ಕಣ್ ಮಗ. ವಯಸ್ಸಾಗಿ ಸಾಯೋವು ಕಮ್ಮಿ, ಮೇಲಿನ ಬಾರಕ್ಕೆ ಸಾಯೋವೇ ಜಾಸ್ತಿ."

ಅಣ್ಣನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದ. ಗಾಳಿ ಸರಿಯಾಗಿದ್ದು, ಹೊರೆ ಹದವಾಗಿದ್ದು, ಚಕ್ರ ನೆಟ್ಟಗೆ ಕೂತಿದ್ದರೆ ಮುಂದಿನ ಟೈರು ಲಕ್ಷ ಕಿಲೋಮೀಟರು ಓಡುತ್ತದೆ. ಗಾಳಿ ಕಮ್ಮಿ, ಹೊರೆ ಜಾಸ್ತಿ, ಮೇಲೆ ಬಿಸಿಲು ಅಂದರೆ ಅದರ ಅರ್ಧವೂ ಇಲ್ಲ. ಒಳಗೇ ಕುದ್ದು ಕುದ್ದು ಒಂದು ದಿನ ಸಿಡಿಯುತ್ತದೆ. ಅಪ್ಪ ಬಡಿದುಕೊಟ್ಟಿದ್ದ ಸುತ್ತಿಗೆಯಲ್ಲಿ ಒಂದೊಂದು ಚಕ್ರವನ್ನೂ ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೆ ಗಾಡಿ ಹತ್ತುವವನು ವೆಂಕಟೇಶ. ಅಂಥವನು ತೂಕಡಿಸಿದನಂತೆ.

ಶಿವು ಟೈರನ್ನು ಮಗುಚಿದ. ಆಗ ಕಂಡಿತು ಮುದ್ರೆ.

ನೇಗಿಲ ಗುರುತು. ಕಾದ ಕಬ್ಬಿಣದಲ್ಲಿ ಒತ್ತಿದ್ದು. ಲೋಕೇಶನ ಗುರುತು.

ಲೋಕೇಶನ ಶೆಡ್ಡಿನಲ್ಲಿ ಹೊಸ ಟೈರಿಗೆ ಮಾತ್ರ ಈ ಮುದ್ರೆ ಬೀಳುತ್ತಿತ್ತು. ರೀಸೋಲಿಗೆ ಹೋಗುವಾಗ ಅರೆದು ಅಳಿಸುತ್ತಿದ್ದರು. ಅವನ ಡ್ರೈವರುಗಳು ಟೈರಿನ ಜಾತಕ ಕೇಳುತ್ತಿರಲಿಲ್ಲ. ನೇಗಿಲು ಕಂಡರೆ ಸಾಕು, ಮುಂದಿನ ಚಕ್ರಕ್ಕೆ ನಂಬುತ್ತಿದ್ದರು. ಈ ಟೈರಿನಲ್ಲಿ ಅರೆದ ಜಾಗ ಇನ್ನೂ ಬೆಳ್ಳಗಿತ್ತು. ಅದರ ಮೇಲೇ ಹೊಸದಾಗಿ ನೇಗಿಲು ಒತ್ತಿದ್ದರು.

"ಸಿಕ್ದೆ ಕಣೋ ಲೋಕೇಶ," ಎಂದ ಶಿವು ತನ್ನಷ್ಟಕ್ಕೆ. "ನಿನ್ನ ಮುದ್ರೆ ನಿನ್ನ ಅಣೆಗೇ ಬರೆ ಇಕ್ತದೆ."

ಟೈರನ್ನು ಬೈಕಿನ ಹಿಂದಕ್ಕೆ ಹಗ್ಗ ಹಾಕಿ ಬಿಗಿದ. ಅಷ್ಟು ದೊಡ್ಡ ಟೈರು ಹೊತ್ತ ಬೈಕು ಹೆಣ ಹೊತ್ತ ಕತ್ತೆಯ ಹಾಗೆ ಓಲಾಡಿತು. ಜವರಯ್ಯ ಹಿಂದಿನಿಂದ ಕೂಗಿದ: "ಲೇ, ಬೆಲ್ಲ ಕೆಟ್ಟೋಯ್ತು ಕಣ್ಲಾ! ನಿನ್ನ ಸೇಡು ತಿಂದ್ಕೊಂಡು ಬದುಕ್ಲಾ ನಾನು?"

* * *

ಬೆಳ್ಳೂರು ಕ್ರಾಸಿನ ಹೋಟೆಲುಗಳ ಹಿಂದೆ ಲೋಕೇಶನ ಲಾರಿ ಶೆಡ್ಡು. ಪಾಲಹಳ್ಳಿಯ ಗದ್ದೆ ಮನೆಯ ಮಗ, ಹೆದ್ದಾರಿಗೆ ಬಂದು ಲಾರಿ ಮಾಲೀಕನಾದವನು. ಬಿಳೀ ಅಂಗಿ, ಕೊರಳಲ್ಲಿ ಸರ. ಟೈರುಗಳ ಅಟ್ಟಿಯ ಮೇಲೆ ಕೂತು ಸೀಬೆಹಣ್ಣಿಗೆ ಉಪ್ಪುಕಾರ ಹಚ್ಚಿಕೊಂಡು ತಿನ್ನುತ್ತಿದ್ದ. ದಿನವೂ ಬಾಗಿಲಲ್ಲಿ ನಿಲ್ಲುತ್ತಿದ್ದ ಅವನ ಬಿಳಿ ಕಾರು ಇವತ್ತು ಇರಲಿಲ್ಲ.

ಶಿವು ಟೈರನ್ನು ಉರುಳಿಸಿ ಅವನ ಕಾಲ ಬುಡಕ್ಕೆ ಬಿಟ್ಟ. ಅದು ಎರಡು ಸುತ್ತು ಓಲಾಡಿ ಮುದ್ರೆ ಮೇಲಾಗಿ ಬಿತ್ತು.

"ಗುರ್ತು ಸಿಗ್ತಾ ಲೋಕೇಶ?"

ಇಷ್ಟು ವರ್ಷ ಲೋಕೇಶಣ್ಣ ಎನ್ನುತ್ತಿದ್ದ ಬಾಯಿ. ಇವತ್ತು 'ಅಣ್ಣ' ಬರಲಿಲ್ಲ. ಲೋಕೇಶ ಅದನ್ನು ಗಮನಿಸಿದ. ಟೈರನ್ನೂ ಗಮನಿಸಿದ. ಸೀಬೆಹಣ್ಣು ಕೆಳಗಿಟ್ಟ.

"ಎಲ್ಲಿ ಸಿಕ್ತು?"

"ಆಲೆಮನೆ ಒಲೆ ಬಾಯಲ್ಲಿ. ನಾನು ಇನ್ನರ್ಧ ಗಳಿಗೆ ತಡವಾಗಿ ಓಗಿದ್ರೆ ನಮ್ಮಣ್ಣನ್ನ ನೀನು ಎರಡನೇ ಸಲ ಸುಟ್ಟಿರ್ತಿದ್ದೆ."

"ಕೂತ್ಕೊ, ಶಿವು."

"ಕೂರಾಕೆ ಬಂದಿಲ್ಲ. ಮುಂದ್ಲ ಚಕ್ರದ್ದು ಅಂತ ಪೊಲೀಸ್ರು ಇಟ್ಕೊಂಡಿರೋ ಟೈರು ನಾನೂ ನೋಡಿವ್ನಿ. ಅದು ಎರಡೂ ಅಂಚು ಸವೆದಿರೋ ಟೈರು. ಗಾಳಿ ಕಮ್ಮಿಯಾಗಿ, ಹೊರೆ ಹೊತ್ತೂ ಹೊತ್ತೂ ಹಿಂದ್ಲ ಚಕ್ರ ಸವೆಯೋದು ಅಂಗೆ. ಕಂಪನಿ ಟೈರು, ನಿಜ. ಆದ್ರೆ ಅದು ಮುಂದೆ ಓಡಿದ್ದಲ್ಲ. ಸಿಡಿದಿದ್ದು ಇದು. ಪೊಲೀಸ್ರು ಬರೋ ಮುಂಚೆ ಬದಲಾಯ್ಸಿದ್ದು ನೀನು. ಅಲ್ಲ ಅನ್ನು ನೋಡಾನ."

ಶಿವುವಿನ ಕೈಯಲ್ಲಿ ವೆಂಕಟೇಶನ ಸುತ್ತಿಗೆ ಇತ್ತು. ಅದನ್ನು ಎತ್ತಿರಲಿಲ್ಲ. ಆದರೆ ಕೆಳಗೂ ಇಟ್ಟಿರಲಿಲ್ಲ.

ಲೋಕೇಶ ಅಂಗೈ ಒರೆಸಿಕೊಂಡ. "ಹೌದು. ಬದಲಾಯ್ಸಿದ್ದು ನಾನೇ."

ಇಷ್ಟು ಸಲೀಸಾಗಿ ಒಪ್ಪುತ್ತಾನೆ ಎಂದು ಶಿವು ಎಣಿಸಿರಲಿಲ್ಲ. ಹೊಡೆಯಲು ಬಂದವನಿಗೆ ಎದುರಾಳಿ ಬೆನ್ನು ಕೊಟ್ಟ ಹಾಗಾಯಿತು.

"ಯಾಕೆ?"

"ನಿಮ್ಮಣ್ಣನ ಮರ್ವಾದೆ ಉಳೀಲಿ ಅಂತ. ಬಾ ಇಲ್ಲಿ, ಬಗ್ಗು. ಆ ನೇಗಿಲ ಕೆಳಗೆ ಏನದೆ ನೋಡು."

ಶಿವು ಬಗ್ಗಿದ. ನೇಗಿಲ ಮೂತಿಯ ಕೆಳಗೆ ಉದ್ದಿನಕಾಳಿನಷ್ಟು ಒಂದು ಚುಕ್ಕಿ.

ಹೆಬ್ಬೆರಳಿನಿಂದ ಅದನ್ನು ಸವರಿ ನೋಡಿದ.

ಆ ಚುಕ್ಕಿ ಅವನದೇ. ಲೋಕೇಶ ಟೈರಿಗೆ ಒತ್ತುವ ಮುದ್ರೆಕೋಲು ಹುಟ್ಟಿದ್ದು ಅವರ ಕುಲುಮೆಯಲ್ಲಿ, ಅಪ್ಪನ ಕೈಯಲ್ಲಿ. ಆ ಕುಲುಮೆಯಲ್ಲಿ ಹುಟ್ಟಿದ ಕಬ್ಬಿಣವೆಲ್ಲ ಆಯುಧಪೂಜೆಗೆ ಅಲ್ಲಿಗೇ ಬರಬೇಕು, ಹೆಣ್ಣುಮಕ್ಕಳು ತವರಿಗೆ ಬಂದ ಹಾಗೆ. ಬಂದದ್ದನ್ನು ಕಾರ್ತಿಕ ಕಳೆಯುವವರೆಗೆ ಕಳಿಸುವುದಿಲ್ಲ. ಅಪ್ಪ ಹೋದ ಮೇಲೂ ಆ ವಾಡಿಕೆ ತಪ್ಪಿರಲಿಲ್ಲ. ಈ ಸಲ ವೆಂಕಟೇಶ ತಂದುಕೊಟ್ಟ ಕೋಲಿನಲ್ಲಿ ನೇಗಿಲ ಮೂತಿ ಬಿರುಕು ಬಿಟ್ಟಿತ್ತು. ಹಬ್ಬದ ಮಾರನೇ ದಿನ ಶಿವು ಅದಕ್ಕೆ ರಿವಿಟ್ಟು ಹೊಡೆದ. ಅಪ್ಪನಾಗಿದ್ದರೆ ರಿವಿಟ್ಟಿನ ತಲೆಯನ್ನು ಅರ ಹಾಕಿ ನುಣ್ಣಗೆ ಉಜ್ಜುತ್ತಿದ್ದ. ಶಿವು ಆಮೇಲೆ ಉಜ್ಜೋಣ ಎಂದು ಉಬ್ಬಿದ ತಲೆ ಸಮೇತ ಮೊಳೆಗೆ ನೇತುಹಾಕಿದ. ಆ 'ಆಮೇಲೆ' ಬರಲೇ ಇಲ್ಲ. ಅಣ್ಣ ಸತ್ತ.

"ನಂಗೆ ಆ ಕೋಲು ಇನ್ನೂ ವಾಪಸ್ ಬಂದಿಲ್ಲ," ಎಂದ ಲೋಕೇಶ, ತಗ್ಗಿದ ದನಿಯಲ್ಲಿ. "ಹಬ್ಬದಿಂದ ನಿಮ್ಮ ಕುಲುಮೇಲೇ ಅದೆ. ಮತ್ತೆ ಇದಕ್ಕೆ ಮುದ್ರೆ ಒತ್ತಿದೋರು ಯಾರು? ನಾನಾ? ನನ್ನ ಒಳ್ಳೇ ಟೈರು ಬಿಚ್ಚಿ ಮಾರ್ಕೊಂಡು, ಈ ಕೊಳೆತಿದ್ದಕ್ಕೆ ನೇಗಿಲು ಒತ್ತಿ ತಗುಲಾಕವ್ನೆ ನಿಮ್ಮಣ್ಣ. ಸತ್ತೋನ ಮೇಲೆ ಯಾಕೆ ಕಳ್ಳತನ ಹೊರ್ಸೋದು ಅಂತ ಸುಮ್ಕಿದ್ದೆ. ನೀನು ನೋಡಿದ್ರೆ ಸುತ್ತಿಗೆ ಹಿಡ್ಕೊಂಡ್ ಬಂದಿದ್ದೀಯ."

"ನಮ್ಮಣ್ಣ ಕಳ್ಳ ಅಲ್ಲ!"

"ಅಂಗಾದ್ರೆ ನೀನು. ಆ ಕುಲುಮೇಲಿ ಬೆಂಕಿ ಹಾಕೋನು ಇನ್ಯಾವನವ್ನೆ? ಓಗು, ಟೈರು ತಗೊಂಡು ಪೊಲೀಸ್ರ ಮುಂದೆ ಇಡು. ಮೊದ್ಲು ಯಾರನ್ನ ಇಡೀತಾರೆ ನೋಡಾನ."

ಶಿವು ಆ ಚುಕ್ಕಿಯನ್ನೇ ಮತ್ತೆ ನೋಡಿದ. ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಲೋಕೇಶ ಮತ್ತೆ ಸೀಬೆಹಣ್ಣು ಎತ್ತಿಕೊಂಡ. ಗೆದ್ದವನ ನಿರಾಳ ಬಂತು ಅವನಿಗೆ, ಗೆದ್ದವನ ಬಾಯಿಯೂ ಬಂತು. "ನಿಮ್ಮ ಅತ್ತಿಗೆ ಮುಖ ನೋಡಿ ಬುಡ್ತಾ ಇವ್ನಿ. ಪಾಪದ ಹೆಣ್ಣು. ನನ್ನ ಹೆಂಡ್ತಿ ಪ್ರಮೀಳಾನೂ ಅಂಗೇಯ. ಟೈರು ಅಂದ್ರೆ ದುಂಡಕ್ಕಿರ್ತದೆ, ಕರ್ರಗಿರ್ತದೆ, ಅಷ್ಟೇ ಗೊತ್ತು ಅವ್ಳಿಗೆ. ಇದನ್ನ ಅಲ್ಲಿಗೆ ಕೊಟ್ಟು ಬಾ ಅಂದ್ರೆ ಕೊಟ್ಟು ಬರ್ತಾಳೆ. ಯಾಕೆ ಅಂತ ಒಂದಿನ ಕೇಳ್ದೋಳಲ್ಲ. ಇವತ್ತೂ ಅಷ್ಟೆ, ಯಾರೋ ದೇವಸ್ಥಾನಕ್ಕೆ ಕರೆದ್ರು ಅಂತ ಕಾರು ತಗೊಂಡೋಗವ್ಳೆ."

ಶಿವು ಕೇಳಿಸಿಕೊಳ್ಳಲಿಲ್ಲ. ಅವನ ತಲೆಯೊಳಗೆ ಒಂದೇ ಚುಕ್ಕಿ ಕುಟ್ಟುತ್ತಿತ್ತು.

* * *

ಟೈರನ್ನು ಅಲ್ಲಿ ಬಿಡಲಿಲ್ಲ. ಮತ್ತೆ ಬೈಕಿಗೆ ಬಿಗಿದುಕೊಂಡು ನಾಗಮಂಗಲದ ದಾರಿ ಹಿಡಿದ. ತೆಂಗಿನ ತೋಟಗಳ ನಡುವೆ ಬಿಸಿಗಾಳಿ ಮುಖಕ್ಕೆ ಹೊಡೆದಾಗ ತಲೆ ತಿಳಿಯಾಗತೊಡಗಿತು.

ವೆಂಕಟೇಶ ಮುದ್ರೆಕೋಲು ತಂದುಕೊಟ್ಟಿದ್ದು ಹಬ್ಬದ ಬೆಳಿಗ್ಗೆ. ಸಂಜೆಗೇ ಬೇರೆ ಲಾರಿ ಹತ್ತಿ ಸೋಲಾಪುರಕ್ಕೆ ಹೋದ. ವಾಪಸ್ ಬಂದವನು ಮನೆಗೆ ಬರಲಿಲ್ಲ, ಶೆಡ್ಡಿಗೆ ಹೋಗಿ ತುಂಬಿ ನಿಂತಿದ್ದ ಟ್ರೇಲರ್ ಹತ್ತಿದ. "ಮುಂದಕ್ಕೆ ಹೊಸ ಟೈರು ಹಾಕವ್ರೆ ಕಣ್ಲಾ, ಆದ್ರೂ ಸ್ಟೇರಿಂಗು ಎಡಕ್ಕೆ ಎಳೀತದೆ," ಎಂದು ಫೋನಿನಲ್ಲಿ ಹೇಳಿದ್ದೇ ಕೊನೆಯ ಮಾತು.

ರಿವಿಟ್ಟು ಬಿದ್ದಿದ್ದು ಅವನು ಹೋದ ಮೇಲೆ. ಚುಕ್ಕಿ ಇರುವ ಮುದ್ರೆಯನ್ನು ಅಣ್ಣ ಒತ್ತಿರಲು ಸಾಧ್ಯವೇ ಇಲ್ಲ.

ಹಾಗಾದರೆ ಮನೆಯಲ್ಲಿ ಉಳಿದವರು ಮೂವರು. ತಾನು. ಅವ್ವ. ಅತ್ತಿಗೆ.

ಶಿವು ಬೈಕಿನ ಆಕ್ಸಿಲರೇಟರ್ ತಿರುವಿದ.

ಕುಲುಮೆ ತಣ್ಣಗಿತ್ತು. ಮುದ್ರೆಕೋಲು ಮೊಳೆಯಲ್ಲೇ ಇತ್ತು. ಇಳಿಸಿ ಬೆಳಕಿಗೆ ಹಿಡಿದ. ನೇಗಿಲ ಸಂದಿಯಲ್ಲಿ ಕರಗಿ ಹೆಪ್ಪುಗಟ್ಟಿದ ರಬ್ಬರು. ಹಿಡಿಗೆ ಬಟ್ಟೆ ಸುತ್ತಿತ್ತು.

ಕುಲುಮೆಯಲ್ಲಿ ಬೆಳೆದ ಕೈ ಹಿಡಿಗೆ ಬಟ್ಟೆ ಸುತ್ತುವುದಿಲ್ಲ. ಸುತ್ತಿದವರಿಗೆ ಬಿಸಿ ಅಭ್ಯಾಸ ಇರಲಿಲ್ಲ. ಸುತ್ತುವಷ್ಟರಲ್ಲಿ ಒಂದು ಸಲ ಸುಟ್ಟುಕೊಂಡೂ ಇದ್ದರು. ಹಬ್ಬ ಆದ ಮೇಲೆ ಅತ್ತಿಗೆ ವೀಣಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಹೆಂಚು ತಗುಲಿತು ಎಂದಿದ್ದಳು. ಬಟ್ಟೆ ಬಿಚ್ಚಿ ನೋಡಿದ. ಗಿಣಿ ಹಸಿರು ಬಣ್ಣ. ವೀಣಳ ಹಳೇ ಸೀರೆಯ ಸೆರಗು.

"ಅತ್ತಿಗೆ!"

ಒಳಗಿಂದ ಅತ್ತಿಗೆ ಬರಲಿಲ್ಲ. ಅವ್ವ ವರಲಕ್ಷ್ಮಮ್ಮ ಮೊರ ಹಿಡಿದುಕೊಂಡು ಬಾಗಿಲಿಗೆ ಬಂದಳು. "ಯಾಕ್ಲಾ ಅಂಗೆ ಅರಚ್ತೀಯ? ಅವ್ಳಿಲ್ಲ. ಪಟ್ಣಕ್ಕೆ ಓದ್ಲು."

"ಯಾವ್ ಪಟ್ಣ?"

"ಶ್ರೀರಂಗಪಟ್ಣ ಕಣಪ್ಪ. ಪ್ರಮೀಳಮ್ಮ ಕಾರಲ್ಲಿ ಬಂದಿದ್ರು. ವೀಣಾನೇ ಫೋನ್ ಮಾಡಿ ಕರ್ಸ್ಕೊಂಡ್ಲು. ಗಂಡಂದು ಅಸ್ಥಿ ಬುಡ್ಬೇಕು ಅಕ್ಕ, ಒಬ್ಳೇ ಓಗಾಕಾಗಾಕಿಲ್ಲ, ಜೊತೆಗೆ ಬನ್ನಿ ಅಂದ್ಲಂತೆ. ಒಳ್ಳೇದಾಯ್ತು ಬುಡು. ಎಷ್ಟು ದಿನ ಅಂತ ಅವ್ನು ಮರದಲ್ಲಿ ನೇತಾಡಾನು?"

ಶಿವು ಹಿತ್ತಲಿಗೆ ಓಡಿದ. ಬೇವಿನ ಕೊಂಬೆಯಲ್ಲಿ ಮಡಿಕೆ ಇರಲಿಲ್ಲ. ಹಗ್ಗ ಮಾತ್ರ ಇತ್ತು. ಗಂಟು ಬಿಚ್ಚಿರಲಿಲ್ಲ, ಕುಡುಗೋಲಲ್ಲಿ ಕೊಯ್ದಿತ್ತು.

ಅತ್ತಿಗೆಗೆ ಫೋನ್ ಒತ್ತಿದ. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೇ ಸಲಕ್ಕೆ ವೀಣಳ ದನಿ ಬಂತು. ಅದರ ಹಿಂದೆ ಹರಿಯುವ ನೀರಿನ ಸದ್ದು.

"ಟೈರು ಸಿಕ್ತಾ? ಚುಕ್ಕಿ ನೋಡ್ಬುಟ್ಯಾ, ಶಿವು?"

"ಅತ್ತಿಗೆ... ನೀವಾ?"

"ಒತ್ತಿದ್ದು ನಾನೇ." ಪಿಸುಮಾತು. ಅಳು ಇರಲಿಲ್ಲ ಅದರಲ್ಲಿ, ಅದೇ ಹೆದರಿಸುವಂತಿತ್ತು. "ಅವತ್ತು ನೀನು ಸಂತೆಗೆ ಓಗಿದ್ದೆ. ಪ್ರಮೀಳಕ್ಕ ಗಾಡೀಲಿ ಟೈರು ಹಾಕ್ಕೊಂಡ್ ಬಂದ್ಲು. ಅರ್ಜೆಂಟು, ಕಳ್ರ ಕಾಟ, ಒಂದು ಮುದ್ರೆ ಒತ್ಕೊಡು ಅಂದ್ಲು. ಎಲ್ಲಿಗೆ ಹಾಕ್ತೀರಿ ಅಂತ ಕೇಳ್ದೆ, ಶಿವು. ಡ್ರೈವರ್ ಹೆಂಡ್ತಿ ಅಲ್ವಾ ನಾನು, ಕೇಳ್ದೆ. ಹಿಂದ್ಲ ಚಕ್ರಕ್ಕೆ ಅಂದ್ಲು. ನಂಬ್ದೆ. ಮುಂದಕ್ಕೆ ಹೊಸ ಟೈರು ಹಾಕವ್ರೆ ಅಂತ ನಿಮ್ಮಣ್ಣ ಫೋನಲ್ಲಿ ಅಂದಿದ್ದು ನೀನು ಏಳ್ದಾಗ ಗೊತ್ತಾಯ್ತು, ಅದು ಇದೇ ಟೈರು ಅಂತ. ನನ್ನ ಗಂಡನ ಸಾವಿಗೆ ನಾನೇ ಬೆಂಕಿ ಹಾಕಿ, ನಾನೇ ಮುದ್ರೆ ಒತ್ಬುಟ್ಟೆ."

"ಅತ್ತಿಗೆ, ಎಲ್ಲಿದ್ದೀರಿ?"

"ಪಶ್ಚಿಮವಾಹಿನಿ ಮೆಟ್ಲ ಮೇಲೆ. ಅವ್ಳು ಕೆಳಗೆ ಕಾಲು ತೊಳೀತಾವ್ಳೆ. ಕೊಂದೋರ ಕೈಲೇ ಬುಡಿಸ್ತೀನಿ ಅಂತ ನೀನು ಆಣೆ ಹಾಕಿದ್ದೆ. ನಿನ್ನ ಆಣೆ ನಾನು ತೀರಿಸ್ತೀನಿ. ಮಡಿಕೆ ಅವ್ಳ ಕೈಗೆ ಕೊಡ್ತೀನಿ. ನೀರು ಜೋರಾಗಿ ಹರೀತದೆ. ಅವ್ಳಿಗೆ ಈಜು ಬರಾಕಿಲ್ಲ."

ಆಗ, ಬೆಳ್ಳೂರು ಕ್ರಾಸಿನಲ್ಲಿ ಕೇಳಿಯೂ ಕೇಳದಂತೆ ಬಿಟ್ಟುಬಂದಿದ್ದ ಮಾತು ಶಿವುವಿನ ಕಿವಿಯಲ್ಲಿ ಸಿಡಿಯಿತು. ಸೀಬೆಹಣ್ಣು ಕಚ್ಚುತ್ತಾ ಲೋಕೇಶ ಹೇಳಿದ್ದು. ಅಲ್ಲಿಗೆ ಕೊಟ್ಟು ಬಾ ಅಂದ್ರೆ ಕೊಟ್ಟು ಬರ್ತಾಳೆ. ಯಾಕೆ ಅಂತ ಒಂದಿನ ಕೇಳ್ದೋಳಲ್ಲ.

ವೀಣ ಏನೂ ಅರಿಯದೆ ಮುದ್ರೆ ಒತ್ತಿದ್ದಳು. ಪ್ರಮೀಳಾ? ಅವಳೂ ಏನೂ ಅರಿಯದೆ ಗಂಡ ಹೇಳಿದ ಮಾತನ್ನೇ ತಂದು ಹೇಳಿದ್ದಳೇ?

"ಅತ್ತಿಗೆ, ಬೇಡ! ಅವ್ರಲ್ಲ! ಲೋಕೇಶ ಕಣ್ ಅತ್ತಿಗೆ, ಲೋಕೇಶ!"

ಸೇಡು ಸೇಡು ಎಂದು ಕುದಿಯುತ್ತಿದ್ದ ಬಾಯಿಂದ ಮೊದಲ ಸಲ 'ಬೇಡ' ಬಂತು. ಆದರೆ ಆ ಕಡೆ ಫೋನು ಕಿವಿಯಲ್ಲಿರಲಿಲ್ಲ. ಕಲ್ಲಿನ ಮೇಲೆ ಇಟ್ಟ ಸದ್ದು ಕೇಳಿಸಿತು. ಆಮೇಲೆ ದೂರದಿಂದ, ನೀರಿನ ಮೊರೆತದ ನಡುವೆ, ಪ್ರಮೀಳಳ ದನಿ.

"ಯಾರು ವೀಣ, ಫೋನಲ್ಲಿ?"

"ಯಾರೂ ಇಲ್ಲ ಅಕ್ಕ. ತಗೊಳ್ಳಿ, ಮಡಿಕೆ ಹಿಡ್ಕೊಳ್ಳಿ. ಇನ್ನೊಂದು ಮೆಟ್ಲು ಇಳೀರಿ."